ಉತ್ತರ ಸರಿ, ಹಂತ ತಪ್ಪು

(ಶಾಲೆಯ ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



"ನೀವು ಬೆಂಗಳೂರಿನಲ್ಲಿ ಏನು ಕೆಲಸ ಮಾಡ್ತೀರಿ ಅನ್ನೋದನ್ನ ಊರವರಿಗೆ ತಿಳಿಯೋ ಹಾಗೆ ಹೇಳಿ" ಎಂದು ಮಹೋತ್ಸವ ಸಮಿತಿಯವರು ಕೇಳಿದರು. ಕಂಪ್ಯೂಟರ್ ಕೆಲಸ ಎಂದರೆ ಸಾಲದು ಎಂದು ಮೊದಲೇ ಎಚ್ಚರಿಸಿದರು. ಆದ್ದರಿಂದ ನೇರವಾಗಿ ಹೇಳುತ್ತೇನೆ. ಕಂಪ್ಯೂಟರಿನ ಮಿದುಳು ಎನ್ನಬಹುದಾದ ಪ್ರೊಸೆಸರ್ ಚಿಪ್ ಕಾರ್ಖಾನೆಯಲ್ಲಿ ತಯಾರಾಗುವ ಮುಂಚೆ, ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಇನ್ನೊಂದು ಕಂಪ್ಯೂಟರಿನಲ್ಲಿ ನಡೆಸಿ ನೋಡುತ್ತಾರೆ. ಹಾಗೆ ನಡೆಸಿ ತೋರಿಸುವ ತಂತ್ರಾಂಶಕ್ಕೆ ಸಿಮ್ಯುಲೇಟರ್ ಎನ್ನುತ್ತಾರೆ. ನಾಟಕಕ್ಕೆ ಮುಂಚಿನ ತಾಲೀಮು ಇದ್ದಂತೆ. ಆ ತಾಲೀಮಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಅದರಲ್ಲೂ ಕ್ಯಾಶ್ ಎಂಬ ಭಾಗದ ತಪ್ಪುಗಳು. ಇದು ದುಡ್ಡಿನ ಕ್ಯಾಶ್ ಅಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸಾಲ ಕೇಳುವವರ ಸಾಲು ಹತ್ತುತ್ತದೆ. ಇದು ಬಚ್ಚಿಡುವುದು ಎಂಬರ್ಥದ ಫ್ರೆಂಚ್ ಮೂಲದ ಪದ.

ಅಡುಗೆಮನೆಯನ್ನು ನೆನೆಯಿರಿ. ಒಲೆಯ ಪಕ್ಕದ ಡಬ್ಬಿಯಲ್ಲಿ ಉಪ್ಪು, ಸಾಸಿವೆ ಇರುತ್ತದೆ. ಡಬ್ಬಿ ಖಾಲಿಯಾದರೆ ಅಟ್ಟದಿಂದ ತರುತ್ತೇವೆ. ಅಟ್ಟದಲ್ಲೂ ಇಲ್ಲದಿದ್ದರೆ ಮುಂಡಗೋಡದ ಸಂತೆಗೆ ಹೋಗಬೇಕು. ಸಾಸಿವೆ ಬೇಕಾದಾಗಲೆಲ್ಲ ಮುಂಡಗೋಡಕ್ಕೆ ಹೋಗುವ ಮನೆಯಲ್ಲಿ ಒಗ್ಗರಣೆ ಆಗುವುದು ಯಾವಾಗ? ಪ್ರೊಸೆಸರಿನ ಸ್ಥಿತಿಯೂ ಇದೇ. ಇಂದಿನ ಪ್ರೊಸೆಸರ್‌ನ ಗಡಿಯಾರ ಸೆಕೆಂಡಿಗೆ ಸುಮಾರು 300 ಕೋಟಿ ಸಲ ಮಿಡಿಯುತ್ತದೆ. ಮುಖ್ಯ ಮೆಮೊರಿಯಿಂದ ಒಂದು ಅಂಕಿ ತರಿಸಿಕೊಳ್ಳಲು 200ಕ್ಕೂ ಹೆಚ್ಚು ಮಿಡಿತ ಕಾಯಬೇಕಾಗುತ್ತದೆ. ಪಕ್ಕದಲ್ಲೇ ಇರುವ ಸಣ್ಣ ಡಬ್ಬಿ, ಅಂದರೆ ಮೊದಲ ಹಂತದ ಕ್ಯಾಶ್‌ನಿಂದ ತರಲು ನಾಲ್ಕೈದು ಮಿಡಿತ ಸಾಕು. ಈ ವಿಚಾರವನ್ನು ಇಂಗ್ಲೆಂಡಿನ ಮಾರಿಸ್ ವಿಲ್ಕ್ಸ್ 1965ರಲ್ಲಿ ಬರೆದು ಮುಂದಿಟ್ಟರು. 1968ರಲ್ಲಿ ಪ್ರಕಟವಾದ ಐಬಿಎಂ ಕಂಪನಿಯ ಸಿಸ್ಟಮ್ 360 ಮಾದರಿ 85 ಎಂಬ ಯಂತ್ರದಲ್ಲಿ ಅದು ಮಾರುಕಟ್ಟೆಗೆ ಬಂತು.

ಒಂದೇ ಒಲೆ, ಒಂದೇ ಡಬ್ಬಿ ಇರುವವರೆಗೆ ತಕರಾರಿಲ್ಲ. ಈಗಿನ ಪ್ರೊಸೆಸರ್ ಒಳಗೆ ಹಲವು ಕೋರ್‌ಗಳಿವೆ, ಅಂದರೆ ಒಂದೇ ಚಿಪ್‌ನಲ್ಲಿ ಹಲವು ಮಿದುಳು. ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲಿ ಸಾಮಾನ್ಯವಾಗಿ ಎಂಟು ಇರುತ್ತವೆ. ಪ್ರತಿಯೊಂದಕ್ಕೂ ತನ್ನದೇ ಡಬ್ಬಿ. ಹೀಗಾಗಿ ಒಂದೇ ಅಂಕಿಯ ಪ್ರತಿ ನಾಲ್ಕಾರು ಕಡೆ ಇರುತ್ತದೆ. ಒಬ್ಬ ತನ್ನ ಪ್ರತಿಯನ್ನು ತಿದ್ದಿದರೆ ಉಳಿದವರಿಗೆ ಗೊತ್ತಾಗುವುದು ಹೇಗೆ?

ಇಲ್ಲಿ ಕುಳಿತಿರುವ ರೈತರಿಗೆ ಇದನ್ನು ನಾನು ಕಲಿಸಬೇಕಾಗಿಲ್ಲ. ನಮ್ಮ ಹಿರಿಯರು ಉತಾರ ಎನ್ನುವ ಪಹಣಿಯನ್ನೇ ತೆಗೆದುಕೊಳ್ಳಿ. ಮೂಲ ದಾಖಲೆ ಸರ್ಕಾರದ ದಫ್ತರದಲ್ಲಿದೆ. ಅದರ ಝೆರಾಕ್ಸ್ ಪ್ರತಿ ಮನೆಯ ಟ್ರಂಕಿನಲ್ಲಿದೆ, ಸೊಸೈಟಿಯ ಕಡತದಲ್ಲಿದೆ, ಬ್ಯಾಂಕಿನಲ್ಲಿದೆ. ಅಣ್ಣತಮ್ಮಂದಿರ ವಾಟ್ನಿ ಆಗಿ ಹೆಸರು ಬದಲಾದ ಮೇಲೆ ಟ್ರಂಕಿನಲ್ಲಿರುವ ಹಳೆಯ ಪ್ರತಿ ನೋಡಲು ಮೊದಲಿನಂತೆಯೇ ಇರುತ್ತದೆ. ಅದೇ ಕಾಗದ, ಅದೇ ಮುದ್ರೆ. ಆದರೆ ಅದು ಸತ್ತ ಪ್ರತಿ. ಅದನ್ನು ನಂಬಿ ವ್ಯವಹಾರ ಮಾಡಿದವರು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಭೂಮಿ ಯೋಜನೆಯಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಸೇರಿಸಿದ ಮೇಲೂ ಜನ ತಾಜಾ ಪ್ರತಿಯನ್ನೇ ತೆಗೆಸಿಕೊಂಡು ಬನ್ನಿ ಎಂದು ಕೇಳುವುದು ಇದಕ್ಕೇ.

ಕ್ಯಾಶ್‌ಗಳ ನಡುವೆ ಈ ಜಗಳ ಬಾರದಂತೆ ಒಂದು ಕಟ್ಟಳೆ ಮಾಡಿದ್ದಾರೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಮಾರ್ಕ್ ಪಪಮಾರ್ಕೋಸ್ ಮತ್ತು ಜನಕ್ ಪಟೇಲ್ 1984ರಲ್ಲಿ ಪ್ರಕಟಿಸಿದ ಕಟ್ಟಳೆ ಬಹಳ ಹೆಸರುವಾಸಿ. ಅದರ ಪ್ರಕಾರ ಪ್ರತಿಯೊಂದು ಪ್ರತಿಗೂ ನಾಲ್ಕರಲ್ಲಿ ಒಂದು ಸ್ಥಿತಿ. ನನ್ನಲ್ಲಿ ಮಾತ್ರ ಇದೆ, ನಾನದನ್ನು ತಿದ್ದಿದ್ದೇನೆ ಎಂಬುದು ಒಂದು. ನನ್ನಲ್ಲಿ ಮಾತ್ರ ಇದೆ, ತಿದ್ದಿಲ್ಲ ಎಂಬುದು ಎರಡು. ಹಲವರಲ್ಲಿ ಇದೆ, ಎಲ್ಲರೂ ಓದಬಹುದು, ಯಾರೂ ತಿದ್ದುವಂತಿಲ್ಲ ಎಂಬುದು ಮೂರು. ರದ್ದಾಗಿದೆ ಎಂಬುದು ನಾಲ್ಕು. ತಿದ್ದಬೇಕೆನ್ನುವವನು ಮೊದಲು ಹಕ್ಕು ಕೇಳಬೇಕು. ಉಳಿದ ಎಲ್ಲರ ಪ್ರತಿಯೂ ರದ್ದಾದ ಮೇಲೆಯೇ ತಿದ್ದಬೇಕು. ಓದುವವರು ಎಷ್ಟು ಜನರಾದರೂ ಇರಲಿ, ತಿದ್ದುವವನು ಒಬ್ಬನೇ. ಇಡೀ ಕಟ್ಟಳೆಯ ಸಾರ ಇಷ್ಟೇ. ಕೋರ್‌ಗಳು ಹೆಚ್ಚಾದಾಗ ಯಾರ ಬಳಿ ಯಾವ ಪ್ರತಿ ಇದೆ ಎಂದು ಬರೆದಿಡುವ ಒಂದು ದಫ್ತರವನ್ನೂ ಚಿಪ್‌ನೊಳಗೆ ಇಡುತ್ತಾರೆ.

ಕಟ್ಟಳೆ ಇಷ್ಟು ಸರಳವಾಗಿದ್ದರೆ ತಪ್ಪು ಎಲ್ಲಿ ಬರುತ್ತದೆ? ಕೇಳಿದ ಗಳಿಗೆಗೂ ಉತ್ತರ ಬರುವ ಗಳಿಗೆಗೂ ನಡುವೆ ಬರುತ್ತದೆ. ಈ ಕ್ಷೇತ್ರದವರೆಲ್ಲ ಬಲ್ಲ ಒಂದು ಉದಾಹರಣೆ ಹೇಳುತ್ತೇನೆ. ಮಕ್ಕಳು ಸ್ವಲ್ಪ ಗಮನವಿಟ್ಟು ಕೇಳಿ.

ಒಂದು ಎಣಿಕೆಯ ಪೆಟ್ಟಿಗೆಯಲ್ಲಿ 5 ಎಂಬ ಅಂಕಿ ಇದೆ. ಒಂದನೇ ಕೋರ್ ಮತ್ತು ಎರಡನೇ ಕೋರ್ ಎರಡರಲ್ಲೂ ಅದರ ಪ್ರತಿ ಇದೆ. ಇಬ್ಬರೂ ಅದಕ್ಕೆ ಒಂದು ಕೂಡಿಸಬೇಕು. ಕೊನೆಗೆ 7 ಬರಬೇಕು. ಇಬ್ಬರೂ ಒಂದೇ ಗಳಿಗೆಗೆ "ತಿದ್ದುವ ಹಕ್ಕು ಕೊಡಿ, ಪ್ರತಿ ನನ್ನಲ್ಲೇ ಇದೆ" ಎಂದು ದಫ್ತರಕ್ಕೆ ಚೀಟಿ ಕಳಿಸುತ್ತಾರೆ. ಒಂದನೆಯವನ ಚೀಟಿ ಮೊದಲು ಮುಟ್ಟುತ್ತದೆ. ದಫ್ತರವು ಎರಡನೆಯವನಿಗೆ "ನಿನ್ನ ಪ್ರತಿ ರದ್ದು" ಎಂದು ತಿಳಿಸಿ, ಒಂದನೆಯವನಿಗೆ ಹಕ್ಕು ಕೊಡುತ್ತದೆ. ಅವನು 5ನ್ನು 6 ಮಾಡುತ್ತಾನೆ. ಈಗ ಸರದಿ ಎರಡನೆಯವನದು. ಅವನ ಚೀಟಿಯಲ್ಲಿ "ಪ್ರತಿ ನನ್ನಲ್ಲೇ ಇದೆ" ಎಂದು ಬರೆದಿದೆ. ಬರೆಯುವಾಗ ಅದು ನಿಜವಾಗಿತ್ತು. ಚೀಟಿ ದಾರಿಯಲ್ಲಿದ್ದಾಗ ಸುಳ್ಳಾಯಿತು. ದಫ್ತರವು ಚೀಟಿಯ ಮಾತನ್ನೇ ನಂಬಿ ಬರೀ ಹಕ್ಕು ಕೊಟ್ಟರೆ, ಎರಡನೆಯವನು ತನ್ನ ಹಳೆಯ 5ಕ್ಕೆ ಒಂದು ಕೂಡಿಸಿ 6 ಎಂದು ಬರೆಯುತ್ತಾನೆ. ಒಂದನೆಯವನು ಮಾಡಿದ ಕೆಲಸ ಅಳಿಸಿಹೋಯಿತು. 7 ಬರಬೇಕಾದಲ್ಲಿ 6 ಬಂತು.

ಸರಿಯಾದ ಕ್ರಮವೆಂದರೆ, ರದ್ದಾದ ಸುದ್ದಿ ಬಂದ ಕೂಡಲೇ ಎರಡನೆಯವನು "ನನಗೀಗ ಬರೀ ಹಕ್ಕು ಸಾಲದು, ಹೊಸ ಪ್ರತಿಯೂ ಬರಬೇಕು" ಎಂದು ತನ್ನ ಸ್ಥಿತಿ ಬದಲಿಸಿಕೊಂಡು ಕಾಯಬೇಕು. ದಫ್ತರವೂ ಕೇಳುವವನ ಹೆಸರು ಪ್ರತಿ ಇರುವವರ ಪಟ್ಟಿಯಲ್ಲಿ ಇನ್ನೂ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಹಕ್ಕಿನ ಜೊತೆ 6 ಇರುವ ಹೊಸ ಪ್ರತಿಯನ್ನು ಕಳಿಸಬೇಕು. ಕಾಗದದ ಮೇಲೆ ನಾಲ್ಕೇ ಸ್ಥಿತಿ ಇದ್ದರೂ, ಕಾಯುವಾಗಿನ ಈ ನಡುವಿನ ಸ್ಥಿತಿಗಳನ್ನು ಸೇರಿಸಿದರೆ ಲೆಕ್ಕ ಹತ್ತಾರಕ್ಕೆ ಏರುತ್ತದೆ. ತಪ್ಪುಗಳು ಅಡಗುವುದು ಅಲ್ಲಿಯೇ.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ಮಾತು. ಸಿಮ್ಯುಲೇಟರಿನಲ್ಲಿ ಈ ತಪ್ಪು ಇದ್ದರೆ ಕೊನೆಯಲ್ಲಿ 6 ಬರುತ್ತದೆ, ಕೂಡಲೇ ಸಿಕ್ಕಿಬೀಳುತ್ತದೆ ಎಂದು ನಿಮಗನಿಸಬಹುದು. ಬಹಳ ಸಲ ಹಾಗಾಗುವುದಿಲ್ಲ. ಎಷ್ಟೋ ಸಿಮ್ಯುಲೇಟರ್‌ಗಳಲ್ಲಿ ಕ್ಯಾಶ್ ಎಂದರೆ ಬರೀ ಪಟ್ಟಿ. ಯಾವ ಅಂಕಿಯ ಪ್ರತಿ ಎಲ್ಲಿದೆ, ತರಲು ಎಷ್ಟು ಹೊತ್ತು ಹಿಡಿಯಿತು ಎಂಬ ಲೆಕ್ಕ ಮಾತ್ರ ಅದರಲ್ಲಿರುತ್ತದೆ. ಅಂಕಿಯ ನಿಜವಾದ ಬೆಲೆಯನ್ನು ಎಲ್ಲರೂ ಒಂದೇ ಸಾಮಾನ್ಯ ಮೆಮೊರಿಯಿಂದ ತೆಗೆದುಕೊಳ್ಳುತ್ತಾರೆ. ಸಿಮ್ಯುಲೇಟರ್ ಬಹಳ ನಿಧಾನ. ನಿಜ ಚಿಪ್ ಒಂದು ಸೆಕೆಂಡಿನಲ್ಲಿ ಮಾಡುವುದನ್ನು ವಿವರವಾಗಿ ನಡೆಸಿ ತೋರಿಸಲು ಅದಕ್ಕೆ ಗಂಟೆಗಳು, ಕೆಲವೊಮ್ಮೆ ದಿನಗಳು ಬೇಕು. ಭಾರ ಕಡಿಮೆ ಮಾಡಲು ಹೀಗೆ ಕಟ್ಟುತ್ತಾರೆ. ಅಂಥ ಸಿಮ್ಯುಲೇಟರಿನಲ್ಲಿ ಕಟ್ಟಳೆ ಮುರಿದರೂ ಉತ್ತರ 7 ಎಂದೇ ಬರುತ್ತದೆ. ಪರದೆಯ ಮೇಲೆ ಎಲ್ಲವೂ ಸರಿ.

ಆದರೆ ಒಳಗೆ ಏನಾಗಿದೆ ನೋಡಿ. ಎರಡನೆಯವನಿಗೆ ಹೊಸ ಪ್ರತಿ ಸಾಗಿ ಬರಬೇಕಿತ್ತು, ಬರಲಿಲ್ಲ. ಅದಕ್ಕೆ ಹಿಡಿಯಬೇಕಾಗಿದ್ದ ಸಮಯ ಲೆಕ್ಕಕ್ಕೆ ಸೇರಲಿಲ್ಲ. ಹೀಗಾಗಿ ಚಿಪ್ ಇರುವುದಕ್ಕಿಂತ ವೇಗವಾಗಿ ಕಾಣುತ್ತದೆ. ತಪ್ಪು ತನ್ನನ್ನು ತಾನು ಒಳ್ಳೆಯ ಸುದ್ದಿಯಾಗಿ ತೋರಿಸಿಕೊಳ್ಳುತ್ತದೆ. ಆ ಅಂಕಿಯನ್ನು ನಂಬಿ ಕ್ಯಾಶ್ ಎಷ್ಟು ದೊಡ್ಡದಿರಬೇಕು, ಕೋರ್ ಎಷ್ಟಿರಬೇಕು ಎಂದು ತೀರ್ಮಾನ ಮಾಡುತ್ತಾರೆ. ಕೆಟ್ಟ ಅಂಕಿ ಬಂದರೆ ಹತ್ತು ಜನ ಕೂತು ಹುಡುಕುತ್ತಾರೆ. ಒಳ್ಳೆಯ ಅಂಕಿ ಬಂದರೆ ಯಾರೂ ಹುಡುಕುವುದಿಲ್ಲ. ಅದಕ್ಕೇ ನಮ್ಮ ಕೆಲಸದಲ್ಲಿ ನಿರೀಕ್ಷೆಗಿಂತ ಚೆನ್ನಾಗಿ ಬಂದ ಅಂಕಿಯನ್ನೇ ಮೊದಲು ಅನುಮಾನಿಸಬೇಕು.

ಈ ಶಾಲೆಯ ಗಣಿತದ ಪಾಠ ಇಲ್ಲಿ ನೆರವಿಗೆ ಬರುತ್ತದೆ. ಉತ್ತರ ಸರಿಯಿದ್ದರೂ ಹಂತ ಬರೆಯದಿದ್ದರೆ ನಮಗಿಲ್ಲಿ ಪೂರ್ಣ ಅಂಕ ಸಿಗುತ್ತಿರಲಿಲ್ಲ. ಆಗ ನಮಗೆ ಸಿಟ್ಟು ಬರುತ್ತಿತ್ತು. ಉತ್ತರ ಬಂದಿದೆಯಲ್ಲ, ಇನ್ನೇನು ಬೇಕು ಎಂದುಕೊಳ್ಳುತ್ತಿದ್ದೆವು. ಕ್ಯಾಶ್‌ನ ತಪ್ಪು ಹುಡುಕುವುದೆಂದರೆ ಹಂತ ನೋಡುವುದೇ.

ಹೇಗೆ ನೋಡುತ್ತೇವೆ ಎಂದು ಹೇಳುತ್ತೇನೆ. ಮೊದಲನೆಯದು ಕೈಲೆಕ್ಕ. ಕ್ಯಾಶ್ ಒಂದೊಂದೇ ಅಂಕಿ ತರುವುದಿಲ್ಲ, ಒಂದು ಕಂತು ತರುತ್ತದೆ. ಸಾಮಾನ್ಯವಾಗಿ ಒಂದು ಕಂತಿಗೆ 64 ಬೈಟ್. ಒಂದು ಅಂಕಿ 4 ಬೈಟ್ ಎಂದಾದರೆ ಒಂದು ಕಂತಿನಲ್ಲಿ 16 ಅಂಕಿ. ಕಂತಿನ ಮೊದಲಿನಿಂದಲೇ ಶುರುವಾಗುವಂತೆ 1,600 ಅಂಕಿಗಳನ್ನು ಸಾಲಾಗಿ ಇಟ್ಟು ಒಂದೊಂದಾಗಿ ಓದಿದರೆ, ಖಾಲಿ ಕ್ಯಾಶ್ ಎಷ್ಟು ಸಲ ಹೊರಗೆ ಹೋಗಬೇಕು? 1,600ನ್ನು 16ರಿಂದ ಭಾಗಿಸಿ. 100 ಸಲ. ಉಳಿದ 1,500 ಸಲ ಡಬ್ಬಿಯಲ್ಲೇ ಸಿಗಬೇಕು. ಎಲ್ಲವೂ ಹಿಡಿಸುವಷ್ಟು ಕ್ಯಾಶ್ ದೊಡ್ಡದಿದ್ದರೆ, ಎರಡನೇ ಸಲ ಓದುವಾಗ 1,600 ಸಲವೂ ಅಲ್ಲೇ ಸಿಗಬೇಕು. ಸಿಮ್ಯುಲೇಟರ್ 97 ಎಂದು ತೋರಿಸಿದರೆ ಸಂತೋಷಪಡಬಾರದು. ಆ ಮೂರು ಎಲ್ಲಿ ಹೋದವು ಎಂದು ಕೇಳಬೇಕು.

ಇನ್ನೊಂದು ಕೈಲೆಕ್ಕ. ನಾಲ್ಕೇ ಕಂತು ಹಿಡಿಸುವ ಕ್ಯಾಶ್ ಇದೆ. ಜಾಗ ತುಂಬಿದಾಗ ಯಾವುದನ್ನು ಮುಟ್ಟಿ ಬಹಳ ಹೊತ್ತಾಯಿತೋ ಅದನ್ನು ಹೊರಹಾಕುವುದು ನಿಯಮ. ಈಗ ಐದು ಕಂತುಗಳನ್ನು ಒಂದು, ಎರಡು, ಮೂರು, ನಾಲ್ಕು, ಐದು, ಮತ್ತೆ ಒಂದು, ಎರಡು ಎಂದು ಸುತ್ತಿ ಸುತ್ತಿ ಕೇಳಿ. ಎಷ್ಟು ಸಲ ಸಿಗುತ್ತದೆ? ನಾಲ್ಕು ತಟ್ಟೆ, ಐದು ಜನ, ಹೆಚ್ಚಿನವರಿಗಾದರೂ ಊಟ ಸಿಗಬಹುದು ಅನಿಸುತ್ತದೆ. ಕಾಗದದ ಮೇಲೆ ಬರೆದು ನೋಡಿದರೆ ಒಂದು ಸಲವೂ ಸಿಗುವುದಿಲ್ಲ. ಯಾವುದು ಬೇಕೋ ಅದು ಈಗಷ್ಟೇ ಹೊರಗೆ ಹೋಗಿರುತ್ತದೆ. ಸಿಮ್ಯುಲೇಟರ್ ಒಂದೆರಡು ಸಲ ಸಿಕ್ಕಿತು ಎಂದರೆ ಅದರ ಹೊರಹಾಕುವ ನಿಯಮವೇ ತಪ್ಪಾಗಿದೆ ಎಂದರ್ಥ.

ಎರಡನೆಯದು, ಸಮಸ್ಯೆಯನ್ನು ಚಿಕ್ಕದು ಮಾಡುವುದು. ಹದಿನಾರು ಕೋರ್ ಇದ್ದರೆ ಎರಡಕ್ಕೆ ಇಳಿಸಿ. ದೊಡ್ಡ ಪ್ರೋಗ್ರಾಮ್ ಇದ್ದರೆ ಹತ್ತು ಸಾಲಿಗೆ ಇಳಿಸಿ. ಕ್ಯಾಶ್ ಅನ್ನು ಬೇಕೆಂದೇ ಕಿರಿದು ಮಾಡಿ, ನೂಕುನುಗ್ಗಲು ಹೆಚ್ಚಲಿ. ತಪ್ಪು ಇನ್ನೂ ಬರುತ್ತಿದೆಯೇ? ಬರುತ್ತಿದ್ದರೆ ಮತ್ತೂ ಇಳಿಸಿ. ಬರುವುದು ನಿಂತರೆ ಕೊನೆಯ ಸಲ ತೆಗೆದದ್ದರ ಹತ್ತಿರವೇ ಎಲ್ಲೋ ಸುಳಿವಿದೆ.

ಮೂರನೆಯದು ದಿನಚರಿ. ಒಂದೇ ಒಂದು ಕಂತನ್ನು ಆರಿಸಿಕೊಂಡು ಅದಕ್ಕೆ ಸಂಬಂಧಿಸಿದ ಪ್ರತಿ ಚೀಟಿಯನ್ನೂ ಬರೆಯಿಸಿಕೊಳ್ಳುವುದು: ಯಾವ ಮಿಡಿತದಲ್ಲಿ ಯಾರು ಯಾರಿಗೆ ಏನು ಕಳಿಸಿದರು, ಆಗ ಸ್ಥಿತಿ ಏನಿತ್ತು. ನಂತರ ಕೆಲವು ಗಟ್ಟಿ ಸತ್ಯಗಳನ್ನು ಹಿಡಿದು ದಿನಚರಿಯನ್ನು ತಾಳೆ ನೋಡುವುದು. ಸಿಕ್ಕಿದ್ದು ಮತ್ತು ಸಿಗದಿದ್ದದ್ದು ಕೂಡಿದರೆ ಕೇಳಿದ್ದಕ್ಕೆ ಸಮವಾಗಬೇಕು. ಪ್ರತಿ ಕೇಳಿಕೆಗೂ ಒಂದು ಉತ್ತರ ಬಂದಿರಬೇಕು. ಒಂದೇ ಗಳಿಗೆಗೆ ಇಬ್ಬರಿಗೆ ತಿದ್ದುವ ಹಕ್ಕು ಇರಬಾರದು. ಪ್ರತಿ ರದ್ದಾದವನು ಹೊಸ ಪ್ರತಿ ಬರುವ ಮುಂಚೆ ತಿದ್ದಿರಬಾರದು. ನಾನು ಹೇಳಿದ 5, 6, 7ರ ಕಥೆಯಲ್ಲಿ ಉತ್ತರ ನೋಡಿದರೆ ತಪ್ಪು ಕಾಣುವುದಿಲ್ಲ, ಈ ಕೊನೆಯ ಸತ್ಯವನ್ನು ಹಿಡಿದು ನೋಡಿದರೆ ಕಾಣುತ್ತದೆ. ರದ್ದು ಎಂಬ ಸಾಲು ಇದೆ, ತಿದ್ದಿದ ಸಾಲು ಇದೆ, ನಡುವೆ ಹೊಸ ಪ್ರತಿ ಬಂದ ಸಾಲು ಇಲ್ಲ. ಇಲ್ಲದ ಸಾಲನ್ನು ಓದಲು ಕಲಿಯುವುದೇ ಈ ಕೆಲಸದ ಕಷ್ಟ.

ನಾಲ್ಕನೆಯದು, ತಪ್ಪನ್ನು ಬೇಕೆಂದೇ ಕೆಣಕುವುದು. ಎಲ್ಲ ಕೋರ್‌ಗಳೂ ಕೆಲವೇ ಅಂಕಿಗಳ ಮೇಲೆ ಮುಗಿಬೀಳುವಂತೆ ಮಾಡಿ, ಚೀಟಿಗಳನ್ನು ಅಡ್ಡಾದಿಡ್ಡಿ ತಡಮಾಡಿ, ಲಕ್ಷಾಂತರ ಸಲ ಓಡಿಸುತ್ತಾರೆ. ಆದರೆ ಆ ಅಡ್ಡಾದಿಡ್ಡಿಗೂ ಒಂದು ಬೀಜಸಂಖ್ಯೆ ಕೊಟ್ಟಿರುತ್ತಾರೆ. ಅದೇ ಸಂಖ್ಯೆ ಕೊಟ್ಟರೆ ಅದೇ ಕ್ರಮ ಮತ್ತೆ ಬರುತ್ತದೆ. ಮತ್ತೆ ತೋರಿಸಲಾಗದ ತಪ್ಪನ್ನು ತಿದ್ದಿದ್ದೇವೆ ಎಂದು ಯಾರೂ ಎದೆ ತಟ್ಟಿ ಹೇಳಲಾಗದು.

ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. 2007ರಲ್ಲಿ ಎಎಮ್‌ಡಿ ಕಂಪನಿ ನಾಲ್ಕು ಕೋರ್‌ಗಳ, ಬಾರ್ಸಿಲೋನಾ ಎಂಬ ಒಳಹೆಸರಿನ ಪ್ರೊಸೆಸರನ್ನು ಹೊರತಂದಿತು. ಮೆಮೊರಿಯ ಪುಟಗಳ ಪಟ್ಟಿಯ ಒಂದು ನಮೂದನ್ನು ಕೋರ್ ತಿದ್ದುತ್ತಿರುವಾಗಲೇ ಅದರ ಹಳೆಯ ಪ್ರತಿ ಎರಡನೇ ಹಂತದ ಕ್ಯಾಶ್‌ನಿಂದ ಮೂರನೇ ಹಂತಕ್ಕೆ ಜಾರಿಹೋಗುವ ಅಪರೂಪದ ಸಂದರ್ಭ ಅದರಲ್ಲಿತ್ತು. ನಮ್ಮ ಟ್ರಂಕಿನ ಹಳೆಯ ಉತಾರದ ಕಥೆಯೇ. ಪೂರೈಕೆ ತಡವಾಯಿತು. ತಾತ್ಕಾಲಿಕ ಪರಿಹಾರ ಹಾಕಿದರೆ ವೇಗ ಕುಸಿಯುತ್ತಿತ್ತು. 2008ರಲ್ಲಿ ತಿದ್ದಿದ ಚಿಪ್ ಬಂದ ಮೇಲೆಯೇ ಅದು ಮುಗಿದದ್ದು. ಅದಕ್ಕೂ ಮುಂಚೆ, 1994ರಲ್ಲಿ, ಇಂಟೆಲ್‌ನ ಪೆಂಟಿಯಂ ಚಿಪ್‌ನ ಭಾಗಾಕಾರದಲ್ಲಿ ದೋಷ ಸಿಕ್ಕಿತ್ತು. ಅದು ಕ್ಯಾಶ್‌ನ ದೋಷವಲ್ಲ, ಒಂದು ಕೋಷ್ಟಕದಲ್ಲಿ ಕೆಲವು ನಮೂದುಗಳು ಬಿಟ್ಟುಹೋಗಿದ್ದವು. ಅದನ್ನು ಕಂಡುಹಿಡಿದವರು ಥಾಮಸ್ ನೈಸ್ಲಿ ಎಂಬ ಗಣಿತದ ಮೇಷ್ಟ್ರು. ಅವಿಭಾಜ್ಯ ಸಂಖ್ಯೆಗಳ ಲೆಕ್ಕ ಮಾಡುವಾಗ ಉತ್ತರ ತಾಳೆಯಾಗಲಿಲ್ಲ, ಅವರು ಬಿಡಲಿಲ್ಲ. ಕಂಪನಿ ಅದಕ್ಕಾಗಿ 47.5 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಸಿಲಿಕಾನಿಗೆ ಇಳಿದ ತಪ್ಪಿಗೆ ರಬ್ಬರ್ ಇಲ್ಲ. ಅಳಿಸುವುದಾದರೆ ತಾಲೀಮಿನಲ್ಲೇ ಅಳಿಸಬೇಕು.

ಇದೆಲ್ಲ ದೂರದೇಶದ ಕಥೆ ಎಂದುಕೊಳ್ಳಬೇಡಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಕೆಲಸ ಆರಂಭಿಸಿತು. 2008ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಇಂಟೆಲ್‌ನ ಆರು ಕೋರ್‌ಗಳ ಝಿಯಾನ್ 7400 ಪ್ರೊಸೆಸರ್ ವಿನ್ಯಾಸಗೊಂಡದ್ದು ಬೆಂಗಳೂರಿನಲ್ಲಿ. ಅದರಲ್ಲಿ 190 ಕೋಟಿ ಟ್ರಾನ್ಸಿಸ್ಟರ್‌ಗಳಿದ್ದವು, ಆರೂ ಕೋರ್‌ಗಳು ಹಂಚಿಕೊಳ್ಳುವ 16 ಮೆಗಾಬೈಟ್‌ವರೆಗಿನ ಮೂರನೇ ಹಂತದ ಕ್ಯಾಶ್ ಇತ್ತು. ಮದ್ರಾಸ್ ಐಐಟಿಯಲ್ಲಿ ಶಕ್ತಿ ಎಂಬ ನಮ್ಮದೇ ಪ್ರೊಸೆಸರ್‌ಗಳನ್ನು ರೂಪಿಸಿದ್ದಾರೆ. ದೆಹಲಿ ಐಐಟಿಯವರು ತೇಜಸ್ ಎಂಬ ಸಿಮ್ಯುಲೇಟರ್ ಬರೆದಿದ್ದಾರೆ. ಅಮೆರಿಕದ ಎರಡು ವಿಶ್ವವಿದ್ಯಾಲಯಗಳ ಸಿಮ್ಯುಲೇಟರ್‌ಗಳನ್ನು ಸೇರಿಸಿ ಕಟ್ಟಿದ, 2011ರಲ್ಲಿ ಜಗತ್ತಿಗೆ ಪರಿಚಯಿಸಿದ ಜೆಮ್5 ಎಂಬುದನ್ನು ಯಾರು ಬೇಕಾದರೂ ದುಡ್ಡಿಲ್ಲದೆ ಇಳಿಸಿಕೊಂಡು, ಬಿಚ್ಚಿ ನೋಡಿ, ಬದಲಿಸಬಹುದು. ನಾನು ಈಗ ಹೇಳಿದ ಕೆಣಕುವ ಪರೀಕ್ಷೆಯೂ ಅದರ ಜೊತೆಗೇ ಬರುತ್ತದೆ. ಬಾಗಿಲು ತೆರೆದಿದೆ ಎಂದು ಹೇಳಲು ಇಷ್ಟನ್ನು ಹೇಳಿದೆ.

ಈ ಊರಿನ ತಂದೆತಾಯಂದಿರಲ್ಲಿ ಒಂದು ಮಾತು. ಕನ್ನಡ ಮಾಧ್ಯಮದಲ್ಲಿ, ಸರ್ಕಾರಿ ಶಾಲೆಯಲ್ಲಿ ಓದಿದ ಮಗುವಿಗೆ ಇಂಥ ಕೆಲಸ ಎಟಕದು ಎಂಬ ಅಳುಕು ನಿಮ್ಮಲ್ಲಿ ಹಲವರಿಗಿದೆ. ಹತ್ತನೇ ತರಗತಿ ಮುಗಿದ ಕೂಡಲೇ, ಅದರಲ್ಲೂ ಹುಡುಗಿಯರನ್ನು, ಮುಂದೆ ಓದಿಸುವುದೋ ಬೇಡವೋ ಎಂಬ ಮಾತು ಮನೆಯಲ್ಲಿ ಏಳುತ್ತದೆ. ಇಂಗ್ಲಿಷ್ ಪದಗಳು ಕಷ್ಟ ನಿಜ. ಆದರೆ ಅವನ್ನು ಯಾವ ವಯಸ್ಸಿನಲ್ಲೂ ಕಲಿಯಬಹುದು. ಹಂತ ಬಿಡದೆ ಬರೆಯುವುದು, ತಾಳೆಯಾಗದ ಒಂದು ಅಂಕಿಯನ್ನು ಹಾಗೇ ಬಿಟ್ಟು ಏಳದಿರುವುದು, ಇವು ಚಿಕ್ಕಂದಿನಲ್ಲಿ ಬಾರದಿದ್ದರೆ ಆಮೇಲೆ ಬರುವುದು ಬಹಳ ಕಷ್ಟ. ಅದನ್ನು ಈ ಶಾಲೆ ಕಲಿಸುತ್ತದೆ. ಮಕ್ಕಳನ್ನು ಓದಿಸಿ.

ಗುರುಗಳಲ್ಲಿ ಒಂದು ವಿನಂತಿ. ಇದಕ್ಕೆ ಕಂಪ್ಯೂಟರ್ ಬೇಕಾಗಿಲ್ಲ. ಮೂವರು ಮಕ್ಕಳನ್ನು ನಿಲ್ಲಿಸಿ. ಇಬ್ಬರು ಕೋರ್, ಒಬ್ಬರು ದಫ್ತರ. ಇಬ್ಬರ ಪಾಟಿಯ ಮೇಲೂ 5 ಎಂದು ಬರೆಯಿಸಿ. ಚೀಟಿ ಕಳಿಸಿ ಹಕ್ಕು ಕೇಳಲಿ. ನಾಲ್ಕನೆಯವನೊಬ್ಬ ಚೀಟಿ ಒಯ್ಯುವವನಾಗಿ, ತನಗೆ ತೋಚಿದಂತೆ ತಡಮಾಡಲಿ. ಐದನೆಯವಳು ಎಲ್ಲವನ್ನೂ ಹಲಗೆಯ ಮೇಲೆ ದಿನಚರಿ ಬರೆಯಲಿ. ಒಂದು ಪಿರಿಯಡ್ಡಿನಲ್ಲಿ ಯಾವಾಗಲೋ ಒಮ್ಮೆ 7ರ ಬದಲು 6 ಬಂದೇ ಬರುತ್ತದೆ. ಆಗ ಯಾರನ್ನೂ ಬಯ್ಯದೆ, ಉತ್ತರ ಅಳಿಸದೆ, ಹಲಗೆಯ ಮೇಲಿನ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿಸಿ. ಯಾವ ಸಾಲು ಬಿಟ್ಟುಹೋಗಿದೆ ಎಂದು ಮಕ್ಕಳೇ ಹುಡುಕಲಿ. ಹುಡುಕಿದ ಮಗು ಆ ದಿನ ಮಾಡಿದ್ದು ನಾನು ಸಂಬಳ ತೆಗೆದುಕೊಂಡು ಮಾಡುವ ಕೆಲಸವನ್ನೇ.